ನಾಳೆಕಡಲಿಗೆ ಕಾಲುನೀರು

ನಮ್ಮ ಊರಿಗೆ ಕಡಲು ವರ್ಷಕ್ಕೊಮ್ಮೆ ಜಾಗ ನೋಡಿಕೊಂಡು ಹೋಗಲು ಬರುತ್ತದೆ. ಮಳೆಗಾಲ ಮುಗಿದ ಮೇಲಿನ ಮೊದಲ ಹುಣ್ಣಿಮೆಯ ದಿನ, ಬೆಳಗಿನ ತಿಂಡಿಯ ಹೊತ್ತಿಗೆ ದಡ ಬಿಟ್ಟು ಮೇಲೇರಲು ಶುರುಮಾಡಿ, ಮಧ್ಯಾಹ್ನಕ್ಕೆ ತಾನು ಮುಂದೆ ಎಲ್ಲಿಯವರೆಗೆ ಬರಬೇಕೆಂದುಕೊಂಡಿದೆಯೋ ಅಲ್ಲಿ ನಿಂತುಬಿಡುತ್ತದೆ. ಸಂಜೆ ವಾಪಸು ಹೋಗುತ್ತದೆ. ಇದಕ್ಕೆ ನಾವು ನಾಳೆಕಡಲು ಎನ್ನುತ್ತೇವೆ. ನೋಡಲು ಎಲ್ಲ ಕಡಲಿನ ಹಾಗೆಯೇ, ಆದರೆ ಒದ್ದೆ ಮಾಡುವುದಿಲ್ಲ. ಅದರೊಳಗೆ ನಡೆದಾಡಬಹುದು, ಉಸಿರಾಡಬಹುದು, ಬೀಡಿ ಸೇದಬಹುದು. ಹೊರಗಿನವರು ಮೊದಲ ಸಲ ಮೂಗು ಹಿಡಿದುಕೊಂಡು ನಿಲ್ಲುತ್ತಾರೆ, ಆಮೇಲೆ ನಾಚಿಕೊಂಡು ಕೈ ಬಿಡುತ್ತಾರೆ. ಅವತ್ತು ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರು ಕುತ್ತಿಗೆ ಮಟ್ಟದ ನೀರಲ್ಲಿ ಕೂತು ಠಸ್ಸೆ ಹೊಡೆಯುತ್ತಾರೆ. ಬೂತಾಯಿ ಮೀನಿನ ಹಿಂಡು ಅವರ ಎದೆಯ ಒಳಗಿಂದಲೇ ಹಾದುಹೋಗುತ್ತದೆ. ಅವರು ತಲೆ ಎತ್ತುವುದಿಲ್ಲ. ತಲೆ ಕೆಡುವುದು ಬೆಕ್ಕುಗಳಿಗೆ ಮಾತ್ರ. ಇಡೀ ದಿನ ಹಾರಿ ಹಾರಿ ಗಾಳಿ ಕಚ್ಚಿ, ಸಂಜೆಗೆ ಜಗಲಿಯ ಮೇಲೆ ಕಾಲು ಚಾಚಿ ಬಿದ್ದಿರುತ್ತವೆ.

ಒದ್ದೆ ಮಾಡದಿದ್ದರೂ ಅದು ಹುಡುಗಾಟಕ್ಕೆ ಬರುವುದಲ್ಲ. ನಾಳೆಕಡಲು ಮುಟ್ಟಿದ ಜಾಗವನ್ನು ಕೆಲವೇ ವರ್ಷಗಳಲ್ಲಿ ನಿಜವಾದ ಕಡಲು ಮುಟ್ಟುತ್ತದೆ, ಇಲ್ಲಿಯವರೆಗೆ ಒಂದು ಸಲವೂ ತಪ್ಪಿಲ್ಲ. ಬಂದರುಕೇರಿ ಹೋಗಿದ್ದು ಹಾಗೆ. ಹಗ್ಗದ ಕಾರ್ಖಾನೆ ಹೋಗಿದ್ದೂ ಹಾಗೆಯೇ. ಆದ್ದರಿಂದ ಪುರಸಭೆಯಲ್ಲಿ ಒಂದು ಕಟ್ಟಳೆಯಿದೆ. ಯಾವ ಕೇರಿಯ ಬಾವಿಯ ಹಾಸುಗಲ್ಲಿಗೆ ನಾಳೆಕಡಲು ತಗಲುತ್ತದೋ ಆ ಕೇರಿಯವರು ಮುಂದಿನ ಮಳೆಗಾಲದ ಒಳಗೆ ಗುಡ್ಡ ಹತ್ತಬೇಕು, ಬಾವಿಗೆ ಕಲ್ಲು ಮುಚ್ಚಬೇಕು. ಯಾರಿಗೆ ಗುಡ್ಡದಲ್ಲಿ ಎಲ್ಲಿ ಜಾಗ ಎಂಬುದನ್ನು ಅವತ್ತೇ, ಕಡಲು ಇನ್ನೂ ನಿಂತಿರುವಾಗಲೇ, ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ. ಮರುದಿನಕ್ಕೆ ಬಿಟ್ಟರೆ ಬಂದೇ ಇರಲಿಲ್ಲ ಎಂದು ವಾದಿಸುವ ಜನ ನಾವು.

ಗೆರೆ ಹಾಕುವವಳು ನಾನು. ಹೆಸರು ವಾರಿಜಾ. ಮಧ್ಯಾಹ್ನ ಕಡಲು ನಿಂತ ಕೂಡಲೇ ಅದರ ಅಂಚು ಹಿಡಿದು ಊರಿನ ಈ ತುದಿಯಿಂದ ಆ ತುದಿಗೆ ಸುಣ್ಣದ ಪುಡಿ ಸುರಿಯುತ್ತಾ ನಡೆಯುವುದು, ಆಮೇಲೆ ಅದನ್ನು ನಕ್ಷೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಯುವುದು ನನ್ನ ಕೆಲಸ. ಗೆರೆಯ ಕೆಳಗೆ ಸಿಕ್ಕಿದವರು ನನಗೆ ಶಾಪ ಹಾಕುತ್ತಾರೆ, ಮೇಲೆ ಉಳಿದವರು ಮರೆತುಬಿಡುತ್ತಾರೆ. ಸಂಬಳ ಬರುತ್ತದೆ, ಮರ್ಯಾದೆ ಬರುವುದಿಲ್ಲ. ಅದಕ್ಕೆ ನಾನು ತಲೆ ಕೆಡಿಸಿಕೊಂಡವಳೂ ಅಲ್ಲ.

ನನ್ನ ಮನೆ ಕೆಳಕೇರಿಯಲ್ಲಿ, ಬಾವಿಯ ಎದುರು. ನನಗೂ ನನ್ನ ನಾದಿನಿ ಕಲ್ಯಾಣಿಗೂ ನಡುವೆ ಒಂದೇ ಗೋಡೆ. ನನ್ನ ಗಂಡ ತೀರಿಕೊಂಡು ಬಹಳ ಕಾಲವಾಯಿತು. ಕಲ್ಯಾಣಿ ಅವರ ತಂಗಿ. ಅವಳನ್ನು ಗಂಡ ಬಿಟ್ಟವಳು ಎಂದು ಯಾರಾದರೂ ಅಂದರೆ ಸಟ್ಟುಗ ಹಿಡಿದು ಹೊರಗೆ ಬರುತ್ತಾಳೆ, ಏಕೆಂದರೆ ಬಿಟ್ಟದ್ದು ಅವಳು. ವಾಪಸು ಬಂದವಳು ಮನೆಯ ಅರ್ಧ ಕೇಳಿದಳು, ನಾನು ಕೊಟ್ಟೆ, ನಡುವೆ ಗೋಡೆ ಎದ್ದಿತು. ಅವಳು ತನ್ನ ಅರ್ಧದಲ್ಲಿ ಊಟದ ಮನೆ ಇಟ್ಟಳು. ಕೆಳಕೇರಿ ಬಾವಿಯ ನೀರಲ್ಲಿ ಅವಳು ಕುದಿಸುವ ಹುರುಳಿ ಸಾರಿಗೆ ಗುಡ್ಡದ ಮೇಲಿನ ಕಚೇರಿಯವರೂ ಇಳಿದು ಬರುತ್ತಾರೆ. ಅವಳ ಒಗ್ಗರಣೆಯ ಘಾಟು ನನಗೆ ಆಗುವುದಿಲ್ಲ, ನನ್ನ ರೇಡಿಯೋ ಅವಳಿಗೆ ಆಗುವುದಿಲ್ಲ. ದಿನಕ್ಕೊಂದು ಸಲ ಗೋಡೆಯ ಎರಡೂ ಬದಿಯಿಂದ ಒಬ್ಬರಿಗೊಬ್ಬರು ಬಯ್ದುಕೊಳ್ಳದೆ ನಮಗೆ ಅನ್ನ ಜೀರ್ಣವಾಗುವುದಿಲ್ಲ.

ಕಳೆದ ವರ್ಷ ನಾಳೆಕಡಲು ಬಾವಿಯಿಂದ ಸ್ವಲ್ಪವೇ ಕೆಳಗೆ, ಬಟ್ಟೆ ಒಗೆಯುವ ಕಲ್ಲಿಗಿಂತ ಆಚೆ ನಿಂತಿತ್ತು. ಆ ಮೇಲೆ ಇಡೀ ಕೇರಿ ಒಂದು ವರ್ಷ ಉಸಿರು ಬಿಗಿಹಿಡಿದುಕೊಂಡೇ ಬದುಕಿತು. ಕಲ್ಯಾಣಿ ಮಾಡಿಗೆ ಹೊಸ ಹೆಂಚು ಹಾಕಿಸಬೇಕೆಂದಿದ್ದವಳು ಹಾಕಿಸಲಿಲ್ಲ. ನಾನು ಗೋಡೆಯ ಬಿರುಕಿಗೆ ಗಾರೆ ಮೆತ್ತಲಿಲ್ಲ. ಕೇಳಿದವರಿಗೆಲ್ಲ ಪುರುಸೊತ್ತಿಲ್ಲ ಎನ್ನುತ್ತಿದ್ದೆವು.

ಈ ವರ್ಷ ಹುಣ್ಣಿಮೆಗೆ ಎರಡು ದಿನ ಮೊದಲು ರಾಜಧಾನಿಯಿಂದ ಮೆಹರ್ ಎಂಬ ಹುಡುಗಿ ಬಂದಳು. ಪ್ರಪಂಚದ ಎಲ್ಲ ಕರಾವಳಿಗಳಲ್ಲಿ ಕಡಲು ಎಷ್ಟು ಏರಿದರೆ ಯಾವ ಊರು ಮುಳುಗುತ್ತದೆ ಎಂದು ನಕ್ಷೆ ಮಾಡುವ ಕಚೇರಿಯವಳು. ಪ್ರತಿ ವರ್ಷ ನಾನು ಕಳಿಸುವ ಗೆರೆ ಅವಳ ಮೇಜಿಗೇ ಹೋಗುತ್ತಿತ್ತಂತೆ. ಕಲ್ಯಾಣಿಯ ಊಟದ ಮನೆಯಲ್ಲಿ ಕೂತು ಹಲಗೆಯಂಥ ಒಂದು ಕಂಪ್ಯೂಟರಿನಲ್ಲಿ ಆ ನಕ್ಷೆ ತೋರಿಸಿದಳು. ಬೆರಳಿಂದ ಸರಿಸಿದ ಹಾಗೆ ದೇಶದ ಮೇಲೆ ದೇಶ ಬಂದವು. ಎಲ್ಲ ಅಂಚುಗಳಲ್ಲೂ ನೀಲಿ ಒಳಗೆ ನುಗ್ಗಿತ್ತು. ನದಿ ಕಡಲು ಸೇರುವ ಕಡೆ ಅಂಗೈಯಗಲ ನೀಲಿ. ಕೆಲವು ದ್ವೀಪಗಳಲ್ಲಿ ಹೆಸರು ಮಾತ್ರ ಉಳಿದಿತ್ತು, ಕೆಳಗೆ ನೆಲವಿರಲಿಲ್ಲ.

"ಇದೆಲ್ಲ ಜನ ಇರುವ ಜಾಗವಾ?" ಎಂದು ಕಲ್ಯಾಣಿ ಕೇಳಿದಳು.

"ಹೌದಮ್ಮ, ಕೋಟಿಗಟ್ಟಲೆ ಜನ ಇದ್ದಾರೆ."

"ಅವರಿಗೆಲ್ಲ ಕಡಲು ಬಂದು ತೋರಿಸಿ ಹೋಗ್ತದಾ?"

"ಇಲ್ಲ. ಅವರಿಗೆ ನಾವು ಲೆಕ್ಕ ಹಾಕಿ ಹೇಳಬೇಕು. ಹೇಳಿದರೆ ಅರ್ಧ ಜನ ನಂಬುವುದಿಲ್ಲ."

ಕಲ್ಯಾಣಿ ಬಹಳ ಹೊತ್ತು ಆ ನೀಲಿಯನ್ನೇ ನೋಡಿ, "ಪಾಪ," ಎಂದು ಹೇಳಿ ಹುಡುಗಿಯ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಮೆಹರ್ ನಮ್ಮ ಊರನ್ನು ದೊಡ್ಡದು ಮಾಡಿ ತೋರಿಸಿದಳು. ಅವಳ ಲೆಕ್ಕದ ಪ್ರಕಾರ ಕೆಳಕೇರಿಯ ಬಾವಿಗೆ ನೀಲಿ ತಗಲಲು ಇನ್ನೂ ಕೆಲವು ವರ್ಷ ಬೇಕಿತ್ತು. ನನಗೆ ಸಿಟ್ಟು ಬಂತು. ಸುಮ್ಮನೆ ಆಸೆ ಹುಟ್ಟಿಸುವವರನ್ನು ಕಂಡರೆ ನನಗೆ ಯಾವಾಗಲೂ ಸಿಟ್ಟು ಬರುತ್ತದೆ. "ನಿಮ್ಮ ಲೆಕ್ಕ ಕಡಲಿಗೆ ಓದ್ಲಿಕ್ಕೆ ಬರ್ತದಾ?" ಎಂದು ಕೇಳಿದೆ. ಹುಡುಗಿ ಬೇಜಾರು ಮಾಡಿಕೊಳ್ಳದೆ ನಕ್ಕಳು.

ಹುಣ್ಣಿಮೆ ದಿನ ಬೆಳಿಗ್ಗೆಯೇ ಕೇರಿಯವರೆಲ್ಲ ಬಾವಿಯ ಹತ್ತಿರ ಸೇರಿದರು. ನಮ್ಮಲ್ಲಿ ಒಂದು ವಾಡಿಕೆಯಿದೆ. ಮನೆಗೆ ಬಂದ ನೆಂಟರಿಗೆ ಕಾಲು ತೊಳೆಯಲು ಚೊಂಬಲ್ಲಿ ನೀರು ಕೊಡುತ್ತೇವಲ್ಲ, ಹಾಗೆಯೇ ನಾಳೆಕಡಲಿಗೂ ಮನೆಗೊಂದು ಚೊಂಬು ನೀರು ಅದರ ದಾರಿಗೆ ಸುರಿಯುತ್ತೇವೆ. ಕಾಲುನೀರು ಎನ್ನುತ್ತೇವೆ ಅದಕ್ಕೆ. ಮರ್ಯಾದೆ ಸಿಕ್ಕಿದ ನೆಂಟ ಹೊಸ್ತಿಲಲ್ಲೇ ಕೂರುತ್ತಾನೆ, ಒಳಮನೆಗೆ ನುಗ್ಗುವುದಿಲ್ಲ ಎಂದು ನಂಬಿಕೆ. ಈ ವರ್ಷ ಹೆದರಿಕೆಗೆ ಯಾರೂ ಚೊಂಬು ತರಲಿಲ್ಲ, ಕೊಡಪಾನ ತಂದರು. ಕೊಡಪಾನ ತಂದವರನ್ನು ನೋಡಿ ಉಳಿದವರು ಬಕೆಟ್ಟು ತಂದರು. ಮೇಲಿನ ಕೇರಿಗಳಿಂದ ಅತ್ತೆ ಮನೆಯವರು, ತವರಿನವರು ಎಂದು ಇನ್ನಷ್ಟು ಜನ ಇಳಿದು ಬಂದು, ನಮ್ಮದೂ ಇರಲಿ ಎಂದು ನಮ್ಮ ಬಾವಿಯಿಂದಲೇ ಸೇದಿ ಸೇದಿ ಸುರಿದರು. ಕಲ್ಯಾಣಿಯಂತೂ ಇಬ್ಬರ ಕೈಯಲ್ಲಿ ಹಂಡೆಯನ್ನೇ ಹೊರಿಸಿಕೊಂಡು ಬಂದಳು.

"ಸ್ನಾನ ಮಾಡಿಸ್ತೀಯಾ ಕಡಲಿಗೆ?" ಎಂದೆ.

"ನೀವು ಸುಮ್ಮನಿರಿ ಅತ್ತಿಗೆ. ನಿಮಗೆ ಗೆರೆ ಹಾಕಿದರೆ ಆಯ್ತು. ನನಗೆ ಇಲ್ಲಿ ಬದುಕ್ಲಿಕ್ಕುಂಟು."

ನನಗೂ ಅಲ್ಲೇ ಬದುಕಲಿಕ್ಕಿತ್ತು. ನಾನು ನನ್ನ ಕೊಡವನ್ನು ಸುರಿದು, ದೇವರ ಹೆಸರು ಹೇಳಿ, ಸುಣ್ಣದ ಡಬ್ಬ ಎತ್ತಿಕೊಂಡು ಊರಿನ ಉತ್ತರದ ತುದಿಗೆ ಹೋದೆ. ಮೆಹರ್ ನನ್ನ ಜೊತೆ ಬಂದಳು. ಅಷ್ಟರಲ್ಲಿ ಅವಳು ಕಡಲೊಳಗೆ ಒಂದು ಸುತ್ತು ಹೊಡೆದು ಬಂದಿದ್ದಳು. ಎರಡೂ ಕೈ ಚಾಚಿ ಮೀನುಗಳ ನಡುವೆ ಸುಮ್ಮನೆ ನಿಂತುಬಿಟ್ಟಿದ್ದಳಂತೆ. ಮುಖದಲ್ಲಿ ಇನ್ನೂ ಆ ಬೆರಗು ಇತ್ತು. ಮಧ್ಯಾಹ್ನದ ಗಂಟೆ ಹೊಡೆಯಿತು, ಕಡಲು ನಿಂತಿತು, ನಾನು ಅಂಚು ಹಿಡಿದು ಸುಣ್ಣ ಸುರಿಯುತ್ತಾ ಹೊರಟೆ. ಶಾಲೆಯ ಹಿಂದೆ, ಐಸಿನ ಕಾರ್ಖಾನೆಯ ಗೇಟಿನ ಹತ್ತಿರ, ಎಲ್ಲ ಕಡೆ ಕಳೆದ ವರ್ಷಕ್ಕಿಂತ ಒಂದೆರಡು ಮೊಳ ಮೇಲೆ ಬಂದಿತ್ತು, ಅಷ್ಟೆ. ನನ್ನ ಹೆಜ್ಜೆ ಚುರುಕಾಯಿತು. ಆದರೆ ಕೆಳಕೇರಿಗೆ ತಿರುಗಿದಾಗ ಜನ ಕೊಡಪಾನ ಕೆಳಗಿಟ್ಟು ನಿಂತಿದ್ದರು. ಒಗೆಯುವ ಕಲ್ಲನ್ನು ದಾಟಿ, ಬಾವಿಯಂಗಳದ ತುಂಬ, ಹಾಸುಗಲ್ಲಿನ ಬುಡದವರೆಗೂ ನೀರು ತೆಳ್ಳಗೆ ಮಿನುಗುತ್ತಿತ್ತು.

ಜನ ದಾರಿ ಬಿಟ್ಟರು. ನಾನು ಆ ನೀರಿನಲ್ಲಿ ಕಾಲಿಟ್ಟು ನಡೆದು ಹೋಗಿ ಹಾಸುಗಲ್ಲಿನ ಸುತ್ತ ಸುಣ್ಣ ಸುರಿದೆ. ಇಷ್ಟು ವರ್ಷ ಎಷ್ಟೋ ಜನರ ಅಂಗಳದಲ್ಲಿ ಗೆರೆ ಎಳೆದಿದ್ದೇನೆ, ಅವರ ಮುಖ ನೋಡದೆ ಮುಂದೆ ಹೋಗಿದ್ದೇನೆ. ಅವತ್ತು ಕಲ್ಯಾಣಿಯ ಮುಖ ನೋಡದಿರಲು ಆಗಲಿಲ್ಲ. ಅವಳು ಹಂಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅವಳು ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಗುಡ್ಡದ ಮೇಲೆ ಪುರಸಭೆಯ ಹಜಾರದಲ್ಲಿ ಚೀಟಿ ಎತ್ತಲು ಇಡೀ ಕೇರಿ ಹತ್ತಿತು. ಅಧ್ಯಕ್ಷ ವಾಮನ ಶೇಟರು ಮಡಕೆ ಅಲ್ಲಾಡಿಸಿ ಒಬ್ಬೊಬ್ಬರನ್ನೇ ಕರೆದರು. ನನಗೆ ಬಂದದ್ದು ಕಲ್ಲುಕ್ವಾರಿಯ ಬದಿಯ ಜಾಗ, ಅದರ ಪಕ್ಕದ್ದು ನಮ್ಮ ಕೇರಿಯ ಕ್ಷೌರದಂಗಡಿಯ ಐತಪ್ಪನಿಗೆ. ಬಾವಿಯಿಲ್ಲ, ನೆರಳಿಲ್ಲ, ಬಸ್ಸು ಹೋಗುವುದಿಲ್ಲ. ಕಲ್ಯಾಣಿಗೆ ಮಾರುಕಟ್ಟೆಯ ಹಿಂಬದಿ ಬಂತು. ಸಿಹಿನೀರ ಬಾವಿ ಪಕ್ಕದಲ್ಲೇ, ಕಚೇರಿಗಳು ಎದುರಲ್ಲೇ. ಊಟದ ಮನೆಗೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಗುಡ್ಡದಲ್ಲಿಲ್ಲ. ಕ್ವಾರಿಗೂ ಮಾರುಕಟ್ಟೆಗೂ ನಡುವೆ ಗುಡ್ಡದ ಬೆನ್ನು ಪೂರ್ತಿ ಇದೆ.

"ಒಳ್ಳೆದಾಯ್ತು ಬಿಡು," ಎಂದೆ. ಮನಸ್ಸಿನಿಂದಲೇ ಹೇಳಿದೆ.

"ಒಳ್ಳೆದೇ ಆಯ್ತು," ಎಂದಳು ಕಲ್ಯಾಣಿ. "ಇನ್ನು ನಿಮ್ಮ ರೇಡಿಯೋ ಕೇಳ್ಬೇಕಾಗಿಲ್ಲ." ಹಾಗೆಂದವಳು ಗುಂಪಿನೊಳಗೆ ಸೇರಿಹೋದಳು. ನನಗೆ ಅದು ನಾಟಿತು. ಅಷ್ಟು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ಮಲಗಿದವಳಿಗೆ ಹೇಳಲು ಇನ್ನೇನೂ ಸಿಗಲಿಲ್ಲವೇ ಎಂದುಕೊಂಡು ಒಬ್ಬಳೇ ಗುಡ್ಡ ಇಳಿದೆ.

ಕೇರಿ ಖಾಲಿಯಿತ್ತು. ಕಲ್ಯಾಣಿಯ ಜಗಲಿಯಲ್ಲಿ ಮೆಹರ್ ಬರಿಗಾಲಲ್ಲಿ ಕೂತು ಕಂಪ್ಯೂಟರಿನಲ್ಲಿ ಏನೋ ತಿದ್ದುತ್ತಿದ್ದಳು. ಅವಳ ಬೂಟುಗಳು ಪಕ್ಕದ ಕಟ್ಟೆಯ ಮೇಲೆ ಬಿಸಿಲಿಗೆ ಬಾಯಿ ತೆರೆದುಕೊಂಡಿದ್ದವು. ಕಾಲುಚೀಲಗಳು ಕಲ್ಯಾಣಿಯ ಬಟ್ಟೆಹಗ್ಗದ ಮೇಲೆ ತೂಗುತ್ತಿದ್ದವು. ನಾನು ಅವುಗಳನ್ನು ದಾಟಿ ಬಾಗಿಲವರೆಗೆ ಹೋಗಿ, ಹಿಂದೆ ಬಂದೆ.

"ಇದೆಂತದು?"

"ಒದ್ದೆಯಾಗಿತ್ತು, ಒಣಗಲಿಕ್ಕೆ ಇಟ್ಟೆ," ಎಂದಳು. "ತಪ್ಪಾಯಿತೇ? ತೆಗೆಯುತ್ತೇನೆ."

"ಎಲ್ಲಿ ಒದ್ದೆಯಾದದ್ದು?"

"ಬಾವಿಯ ಹತ್ತಿರ. ನಿಮ್ಮ ಹಿಂದೆಯೇ ನಡೆದು ಬಂದೆನಲ್ಲ."

"ಬೆಳಿಗ್ಗೆ ಕಡಲೊಳಗೆ ಮುಳುಗಿ ಬಂದಾಗ ಒದ್ದೆಯಾಗಿತ್ತಾ?"

"ಇಲ್ಲ." ಅವಳು ಕಂಪ್ಯೂಟರನ್ನು ಬದಿಗಿಟ್ಟಳು. "ಬಾವಿಯ ಹತ್ತಿರ ನಿಂತಿದ್ದ ಎಲ್ಲರ ಕಾಲೂ ಒದ್ದೆಯಾಗಿತ್ತು. ಅಂಚಿನಲ್ಲಿ ಹೀಗೇ ಇರಬೇಕು ಅಂದುಕೊಂಡೆ."

ನಮ್ಮೆಲ್ಲರ ಕಾಲು ಒದ್ದೆಯಾಗಿದ್ದುದು ನಾವು ನೀರು ಸುರಿದದ್ದಕ್ಕೆ. ಈ ಹುಡುಗಿ ಒಂದು ಹನಿಯೂ ಸುರಿದಿರಲಿಲ್ಲ. ನಾನು ಸುಣ್ಣದ ಡಬ್ಬವನ್ನು ಅಲ್ಲೇ ಎಸೆದು ಬಾವಿಯಂಗಳಕ್ಕೆ ಓಡಿದೆ. ನನ್ನ ವಯಸ್ಸಿನಲ್ಲಿ ಓಡಬಾರದು, ಆದರೂ ಓಡಿದೆ. ಹಾಸುಗಲ್ಲಿನ ಬುಡದಲ್ಲಿ ನೀರು ಹಿಂಗಿ ಹೋಗಿತ್ತು. ಕಡಲಿನ ಅಂಚು ಒಗೆಯುವ ಕಲ್ಲಿನ ಪಕ್ಕದಲ್ಲಿ ಅಲ್ಲಾಡದೆ ನಿಂತಿತ್ತು. ಸಂಜೆಯಾಗುವ ಮೊದಲು ನಾಳೆಕಡಲು ಒಂದು ಬೆರಳೂ ಹಿಂದೆ ಸರಿಯುವುದಿಲ್ಲ. ನಾನು ಮಂಡಿಯೂರಿ ಬಾವಿಯ ಹತ್ತಿರದ ಮಣ್ಣು ಹಿಡಿದೆ. ಕೆಸರು. ಒಗೆಯುವ ಕಲ್ಲಿನಾಚೆ, ನಮ್ಮ ಕೊಡಗಳ ನೀರು ಹರಿದು ಬರದ ಕಡೆ, ಮೊಣಕಾಲು ಮಟ್ಟದ ನೀರಿನೊಳಗೆ ಕೈಹಾಕಿ ನೆಲ ಕೆರೆದೆ. ಒಣ ಧೂಳು ಎದ್ದಿತು.

ಆಗ ನನಗೆ ನಗು ಬಂತು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಕಡಲಿಗೆ ಮರ್ಯಾದೆ ಮಾಡಲು ಹೋಗಿ ನಮ್ಮ ಕೇರಿಯನ್ನು ನಾವೇ ಮುಳುಗಿಸಿದ್ದೆವು. ಮೆಹರ್ ಬರಿಗಾಲಲ್ಲಿ ಓಡಿಬಂದವಳು ನನಗೆ ಏನೋ ಆಗಿದೆ ಎಂದು ಹೆದರಿ ಭುಜ ಹಿಡಿದುಕೊಂಡಳು. ವಿಷಯ ಹೇಳಿದ ಮೇಲೆ ಅವಳೂ ನಗುತ್ತಾ ಕೆಸರಲ್ಲೇ ಕೂತಳು.

ಎರಡು ಮುಷ್ಟಿಯಲ್ಲಿ ಎರಡು ಬಗೆಯ ಮಣ್ಣು ಹಿಡಿದುಕೊಂಡು ಮತ್ತೆ ಗುಡ್ಡ ಹತ್ತಿದೆ. ವಾಮನ ಶೇಟರು ಮಡಕೆ ಕಟ್ಟಿಡುತ್ತಿದ್ದರು. "ಕೈ ನೀಡಿ," ಎಂದೆ. ಒಂದು ಕೈಗೆ ಕೆಸರು ಹಾಕಿದೆ, ಇನ್ನೊಂದಕ್ಕೆ ಧೂಳು. ಬಿಳಿ ಪಂಚೆಯ ಮನುಷ್ಯ, ಮುಖ ಕಿವುಚಿದರು.

"ಇದೆಂತ ವಾರಿಜಕ್ಕ?"

"ಧೂಳು ಉಂಟಲ್ಲ, ಅದು ಕಡಲಿನ ಅಡಿಯದ್ದು. ಕೆಸರು ನಮ್ಮ ಕೊಡಪಾನದ್ದು. ನಾನು ಹಾಕಿದ ಗೆರೆ ಕೊಡಪಾನದ ಗೆರೆ."

"ಗಂಟೆ ಹೊಡೆದಾಗಿದೆ. ಚೀಟಿ ಎತ್ತಿ ಆಗಿದೆ. ಹಾಕಿದ ಗೆರೆಯನ್ನು ಅಳಿಸಿದ್ದು ಈವರೆಗೆ ಇಲ್ಲ."

"ಕಡಲು ಇನ್ನೂ ನಿಂತುಂಟು. ಇಳಿದು ಬಂದು ನೋಡಿ. ಬಾರದಿದ್ದರೆ ಮುಂದಿನ ವರ್ಷದಿಂದ ನಿಮ್ಮ ಗೆರೆ ನೀವೇ ಹಾಕಿಕೊಳ್ಳಿ."

ಅವರು ಬಂದರು. ಅವರ ಹಿಂದೆ ಇಡೀ ಕೇರಿ ಬಂತು. ಶೇಟರು ಪಂಚೆ ಎತ್ತಿ ಕಟ್ಟಿ ಕಡಲೊಳಗೆ ಇಳಿದು, ಬಗ್ಗಿ ನೆಲ ಮುಟ್ಟಿ, ಕೈಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು. ಬೆರಳ ಸಂದಿಯಿಂದ ಧೂಳು ಉದುರಿತು. ಆಮೇಲೆ ಬಾವಿಯ ಹತ್ತಿರ ಒಂದು ಹೆಜ್ಜೆ ಇಟ್ಟವರು ಜಾರಿ ಕೆಸರಲ್ಲಿ ಕೂತೇಬಿಟ್ಟರು. ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಅವರನ್ನು ಎಬ್ಬಿಸುವ ಮೊದಲೇ ನಾನು ಹಾಸುಗಲ್ಲಿನ ಸುತ್ತಲಿನ ಸುಣ್ಣವನ್ನು ಕಾಲಲ್ಲಿ ಉಜ್ಜಿ ಅಳಿಸಿದೆ. ಒಗೆಯುವ ಕಲ್ಲಿನ ಬುಡದಲ್ಲಿ ಹೊಸ ಗೆರೆ ಎಳೆದೆ. ಜನ ಕೂಗಿದರು, ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಯಾರೋ ಖುಷಿಗೆ ಬಾವಿಯಿಂದ ನೀರು ಸೇದಿ ಎರಚಲು ಹೊರಟರು. ಇನ್ನು ಇವತ್ತು ಒಂದು ಹನಿ ನೆಲಕ್ಕೆ ಬಿದ್ದರೆ ನೋಡಿ ಎಂದು ಅವರ ಮೇಲೆ ಹರಿಹಾಯ್ದೆ.

ಕಲ್ಯಾಣಿ ಅಲ್ಲೆಲ್ಲೂ ನಿಲ್ಲಲಿಲ್ಲ. ಒಂದು ಸಲ ಕಲ್ಲಿನ ಹತ್ತಿರದ ಗೆರೆ ನೋಡಿ, ಸೆರಗಲ್ಲಿ ಮುಖ ಒರೆಸಿ, ಒಲೆ ಹಚ್ಚಲು ಒಳಗೆ ಹೋದಳು.

ಮೆಹರ್ ಜಗಲಿಯಲ್ಲಿ ಕೂತು ನಕ್ಷೆ ತಿದ್ದಿದಳು. ನಮ್ಮ ಊರಿನ ನೀಲಿ ಕೂದಲೆಳೆಯಷ್ಟು ಹಿಂದೆ ಸರಿಯಿತು. "ವಾರಿಜಕ್ಕ, ನಾನು ಈ ಕೆಲಸಕ್ಕೆ ಸೇರಿದ ಮೇಲೆ ನೀಲಿಯನ್ನು ಹಿಂದಕ್ಕೆ ಎಳೆದದ್ದು ಇದೇ ಮೊದಲು," ಎಂದಳು. ಅವಳ ಕಣ್ಣು ತುಂಬಿತ್ತು. ಪ್ರಪಂಚದ ನಕ್ಷೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಕಡಲು ಬಂದೇ ಬರುತ್ತದೆ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಲೆಕ್ಕ ಸರಿಯಾಗಿತ್ತೆಂದು ನಾನು ಬಾಯಿಬಿಟ್ಟು ಹೇಳಿದೆ. ನಾನು ಯಾರಿಗೂ ಅಷ್ಟು ಸುಲಭವಾಗಿ ಹಾಗೆ ಹೇಳುವವಳಲ್ಲ. ಕೆಲವು ವರ್ಷ ಸಿಕ್ಕಿತ್ತು, ಅವತ್ತಿನ ಮಟ್ಟಿಗೆ ನನಗೆ ಅದು ಧಾರಾಳವಾಗಿತ್ತು.

ಊರೆಲ್ಲ ನಗುತ್ತಿರುವಾಗ ಕ್ಷೌರದಂಗಡಿಯ ಐತಪ್ಪ ಒಬ್ಬನೇ ಮುಖ ಊದಿಸಿಕೊಂಡು ಬಂದ.

"ನಿಮಗೆ ಸಮಾಧಾನ ಆಯ್ತಾ ವಾರಿಜಕ್ಕ? ಜನ್ಮದಲ್ಲಿ ಒಂದು ಸಲ ಒಳ್ಳೆ ಜಾಗ ಕೈಗೆ ಬಂದಿತ್ತು. ಮಾರ್ಕೆಟಿನ ಹಿಂದೆ ಅಂಗಡಿ ಇಟ್ಟಿದ್ದರೆ ಒಂದು ಕೈಗೆ ಎರಡು ಕತ್ತರಿ ಬೇಕಾಗ್ತಿತ್ತು. ಎಲ್ಲ ಹಾಳು ಮಾಡಿದಿರಿ."

"ನಿನಗೆ ಬಂದದ್ದು ಕ್ವಾರಿಯ ಜಾಗ ಅಲ್ಲವಾ? ನನ್ನ ಪಕ್ಕದ್ದು?"

"ಬಂದದ್ದು ಹೌದು. ನಿಮ್ಮ ನಾದಿನಿ ಬದಲಿಸಿಕೊಂಡಳಲ್ಲ. ಮಾರ್ಕೆಟಿನದ್ದು ನೀನು ತೆಗೆದುಕೋ, ಕ್ವಾರಿಯದ್ದು ನನಗೆ ಕೊಡು ಅಂತ ನನ್ನ ಹಿಂದೆಯೇ ಬಂದಳು. ಮರುಳು ಹಿಡಿದಿದೆಯಾ ಅಂತ ನಾನೇ ಎರಡು ಸಲ ಕೇಳಿದೆ. ಶೇಟರ ಎದುರೇ ಆದ ಮಾತು."

ಅವನು ಇನ್ನೂ ಏನೇನೋ ಹೇಳುತ್ತಿದ್ದ, ನನಗೆ ಕೇಳಿಸಲಿಲ್ಲ. ಹಿತ್ತಿಲಿನಿಂದ ಸುತ್ತಿಹೋಗಿ ಕಲ್ಯಾಣಿಯ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವಳು ನೆಲದಲ್ಲಿ ಕೂತು ಅಕ್ಕಿ ತೊಳೆಯುತ್ತಿದ್ದಳು.

"ಐತಪ್ಪ ಸಿಕ್ಕಿದ್ದ," ಎಂದೆ.

ಅವಳ ಕೈ ನಿಂತಿತು. "ಅವನ ಬಾಯಿಗೆ ಬೀಗ ಇಲ್ಲ."

"ಕ್ವಾರಿಯಲ್ಲಿ ಬಾವಿ ಇಲ್ಲ ಕಲ್ಯಾಣಿ. ಗಿರಾಕಿ ಇಲ್ಲ. ಎಂತ ಮಾಡ್ಲಿಕ್ಕೆ ಹೊರಟಿದ್ದೆ ಅಲ್ಲಿ?"

"ಗಾಳಿ ಒಳ್ಳೆದುಂಟಂತೆ."

"ಗಾಳಿಯನ್ನು ಬಡಿಸ್ತಿದ್ದೆಯಾ ಊಟಕ್ಕೆ?"

ಅವಳು ಅಕ್ಕಿಯ ನೀರನ್ನು ಬಸಿದಳು. ನನ್ನ ಕಡೆ ತಿರುಗದೆಯೇ ಹೇಳಿದಳು, "ಅಲ್ಲಿ ಗೋಡೆ ಆಚೆ ಯಾರೂ ಇಲ್ಲದೆ ನಿಮಗೆ ಒಬ್ಬರಿಗೇ ಇರ್ಲಿಕ್ಕೆ ಆಗ್ತಿತ್ತಾ ಅತ್ತಿಗೆ? ನನಗಂತೂ ಆಗ್ತಿರಲಿಲ್ಲ."

ನಾನು ಮಣೆ ಎಳೆದುಕೊಂಡು ಅವಳ ಒಲೆಯ ಪಕ್ಕ ಕೂತು, ನಾಚಿಕೆ ಬಿಟ್ಟು ಅಳತೊಡಗಿದೆ. ಅವಳು ಡಬ್ಬದ ಮುಚ್ಚಳ ತೆಗೆದು ಇನ್ನೊಂದು ಪಾವು ಅಕ್ಕಿ ಪಾತ್ರೆಗೆ ಸುರಿದಳು.